ಹಂಡೆಯ ಮುಂದೆ ಮಾತಿಲ್ಲ

ಕೂದಲು ಸುಟ್ಟ ವಾಸನೆಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಒಲೆಯ ಮೇಲೆ ಬಗ್ಗಿದಾಗ ಮುಂಗುರುಳು ಉರಿಗೆ ತಾಗಿದ್ದರೆ, ಕ್ಷೌರದಂಗಡಿಯ ಕಸಕ್ಕೆ ಯಾರೋ ಬೆಂಕಿ ಇಟ್ಟಾಗ ಆ ಬೀದಿಯಲ್ಲಿ ಹಾದಿದ್ದರೆ, ನೀವು ಅದನ್ನು ಬಲ್ಲಿರಿ. ಹೋದ ತಿಂಗಳು ಬಾಗಲಕೋಟೆಯ ನವನಗರದ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಆ ವಾಸನೆ ಎದ್ದಿತು. ಎಬ್ಬಿಸಿದವನು ನಾನೇ. ಪ್ರೋಟೀನಿನ ಪಾಠ ಶುರುಮಾಡುವಾಗ ಪ್ರತಿವರ್ಷ ಒಂದು ಸಣ್ಣ ಆಟ ಹೂಡುತ್ತೇನೆ. ಒಂದು ಹತ್ತಿಯ ಎಳೆ, ಒಂದು ರೇಷ್ಮೆಯ ಎಳೆ, ಎರಡನ್ನೂ ಸ್ಪಿರಿಟ್ ದೀಪಕ್ಕೆ ಹಿಡಿಯುವುದು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಮುದುಡಿಕೊಂಡು, ಕಪ್ಪು ಮಣಿಯಾಗಿ, ಕೂದಲಿನ ವಾಸನೆ ಬಿಡುತ್ತದೆ. ಹತ್ತಿ ಸಕ್ಕರೆಯ ಕಡೆಯ ನೆಂಟ, ರೇಷ್ಮೆ ನಮ್ಮ ಕೂದಲು ಉಗುರುಗಳ ಕಡೆಯ ನೆಂಟ ಎಂದು ನಾನು ಗಂಭೀರವಾಗಿ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ.

ಈ ಸಲ ಒಬ್ಬ ಹುಡುಗಿ ಬರೆದುಕೊಳ್ಳಲಿಲ್ಲ. ಬೇವೂರಿನಿಂದ ಬಸ್ಸಿನಲ್ಲಿ ಬಂದುಹೋಗುವವಳು.

"ಸರ್, ರೇಷ್ಮಿನ ಸುಡೂದು ಬಿಟ್ಟು ಬ್ಯಾರೆ ರೀತೀಲೆ ಹಾಳು ಮಾಡಾಕ ಬರ್ತೈತೇನ್ರಿ?"

"ಬರ್ತೈತಿ. ಕುದಿಯೂ ನೀರಾಗ ಸೋಡಾ ಹೆಚ್ಚಾದ್ರ ಸಾಕು."

"ನೀವು ಮಾಡಿ ನೋಡೀರೇನ್ರಿ?"

ತರಗತಿ ನಕ್ಕಿತು. ನಾನೂ ನಕ್ಕು, ಹಲಗೆಯ ಕಡೆ ತಿರುಗಿ, ಯಾರೂ ಕೇಳದ ಒಂದು ಅಣುರಚನೆಯನ್ನು ಬರೆಯತೊಡಗಿದೆ. ಮಾಡಿ ನೋಡಿದ್ದೆ. ಅದೂ ಮೂವತ್ತು ವರ್ಷಗಳ ಹಿಂದೆ, ಇಳಕಲ್ಲಿನಲ್ಲಿ, ಬೇರೆಯವರ ರೇಷ್ಮೆಯ ಮೇಲೆ.

ನಮ್ಮ ದೊಡ್ಡವ್ವ, ಎಂದರೆ ಅಪ್ಪನ ಅಣ್ಣನ ಹೆಂಡತಿ, ಇಳಕಲ್ಲಿನ ನೇಕಾರರು ತಂದುಕೊಟ್ಟ ಕಚ್ಚಾ ರೇಷ್ಮೆಯನ್ನು ಬೇಯಿಸಿಕೊಡುತ್ತಿದ್ದಳು. ರೇಷ್ಮೆಯನ್ನೇಕೆ ಬೇಯಿಸಬೇಕು ಎಂದು ನೀವು ಕೇಳಬಹುದು. ಹುಳು ತನ್ನ ಎಳೆಗೆ ಒಂದು ಅಂಟು ಮೆತ್ತಿಯೇ ಗೂಡು ಕಟ್ಟುತ್ತದೆ. ಆ ಅಂಟು ಇರುವವರೆಗೆ ಎಳೆ ಒರಟು, ಮಂಕು. ಬಣ್ಣವೂ ಸರಿಯಾಗಿ ಹತ್ತುವುದಿಲ್ಲ. ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗಿಗೆ ಕೆಂಪು ರೇಷ್ಮೆ ಬೇಕು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿಹಾಕಿ ಸೇರಿಸುತ್ತಾರೆ. ರೇಷ್ಮೆಯಲ್ಲಿ ಬಲವಿಲ್ಲದಿದ್ದರೆ ಅಷ್ಟೂ ಕೊಂಡಿಗಳು ವ್ಯರ್ಥ.

ದೊಡ್ಡವ್ವನ ವಿಧಾನ ಹೀಗಿತ್ತು: ತಾಮ್ರದ ಹಂಡೆಯಲ್ಲಿ ನೀರು, ಹೆರೆದ ಸಾಬೂನು, ನೊರೆಯ ಬಣ್ಣ ತಿರುಗಿದ ಮೇಲೆ ಒಂದು ಹಿಡಿ ಬಟ್ಟೆ ಒಗೆಯುವ ಸೋಡಾ. ರೇಷ್ಮೆಯ ಲಡಿಗಳನ್ನು ಕೋಲಿಗೆ ತೂಗುಬಿಟ್ಟು ತಿರುವುತ್ತ ತಿರುವುತ್ತ, ಆಗಾಗ ಒಂದು ಎಳೆಯನ್ನು ಎರಡು ಬೆರಳ ನಡುವೆ ಹೊಸೆದು ನೋಡುತ್ತಿದ್ದಳು. ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ಆ ಓಣಿಯಲ್ಲಿ "ದೊಡ್ಡವ್ವಾರ ಕೈ" ಎಂದರೆ ಅದೊಂದು ಮುದ್ರೆ ಒತ್ತಿದ ಹಾಗೆ. ಎಳೆ ಮಗ್ಗದಲ್ಲಿ ಹರಿಯುವುದಿಲ್ಲ ಎಂಬ ಮಾತು.

ಮತ್ತೊಂದು ನಿಯಮವಿತ್ತು. ಹಂಡೆಯ ಮುಂದೆ ಮಾತಾಡಬಾರದು. ಬೇಯುವ ರೇಷ್ಮೆಗೆ ಮಾತು ತಾಗಿದರೆ ದೃಷ್ಟಿಯಾಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತೆಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಒಂದೆರಡು ಭಾಷಣಗಳಲ್ಲಿಯೂ ಬಳಸಿಕೊಂಡಿದ್ದೇನೆ. ಚಪ್ಪಾಳೆಯೂ ಬಂದಿದೆ.

ಆ ದಿನ ಬಿಸಿಲು ಹಿತ್ತಲಿನ ಗೋಡೆಯ ಮೇಲೆ ಅರ್ಧಕ್ಕೆ ಇಳಿದಿತ್ತು. ಈ ವಾಕ್ಯ ಬರೆದು ನಿಲ್ಲಿಸಿದ್ದೇನೆ. ಗೋಡೆಯ ಮೇಲಿನ ಬಿಸಿಲು ನನಗೆ ನಿಜವಾಗಿ ನೆನಪಿದೆಯೇ, ಅಥವಾ ಇಂಥ ಬರಹಗಳಲ್ಲಿ ಬಿಸಿಲು ಗೋಡೆಯ ಮೇಲೇ ಇರಬೇಕೆಂದು ಇಟ್ಟೆನೇ? ಹೊಡೆದುಹಾಕೋಣ. ಖಚಿತವಾಗಿ ಗೊತ್ತಿರುವುದು ಇಷ್ಟು. ನಾನು ಬಿ.ಎಸ್ಸಿ. ಓದುತ್ತಿದ್ದೆ, ರಜೆಗೆ ಬಂದಿದ್ದೆ, ಪ್ರೋಟೀನನ್ನು ಕಟ್ಟುವ ಪೆಪ್ಟೈಡ್ ಬಂಧ ಎಂಬುದನ್ನು ಆಗಷ್ಟೇ ಕಲಿತಿದ್ದೆ. ಹೊಸದಾಗಿ ಸೈಕಲ್ ಕಲಿತವನು ಎದುರು ಮನೆಗೂ ಸೈಕಲ್ಲಿನ ಮೇಲೇ ಹೋಗುವಂತೆ ನಾನು ಎಲ್ಲವನ್ನೂ ಅದರ ಮೇಲೆ ಹತ್ತಿಸುತ್ತಿದ್ದೆ. ಮೊಸರು ಕಂಡರೆ ಪ್ರೋಟೀನು, ಬೇಳೆ ಕಂಡರೆ ಪ್ರೋಟೀನು.

ಹಂಡೆಯಲ್ಲಿದ್ದದ್ದು ಎದುರು ಮನೆಯ ಈರಣ್ಣನ ರೇಷ್ಮೆ. ಈರಣ್ಣ ಆಗ ಹೊಸ ನೇಕಾರ. ಹೆಂಡತಿ ಚೊಚ್ಚಲ ಬಸುರಿ. ಅವಳ ಕುಬಸದ, ಎಂದರೆ ಸೀಮಂತದ, ದಿನ ಉಡಿಸಲು ತಾನೇ ಒಂದು ಸೀರೆ ನೇಯಬೇಕೆಂದು ಹಟಹಿಡಿದಿದ್ದ. ಮುಂಬಾಗಿಲಲ್ಲಿ ಯಾರೋ ಕರೆದರೆಂದು ದೊಡ್ಡವ್ವ ಎದ್ದು ಹೋದಳು. ಹಂಡೆಯ ಹತ್ತಿರ ಉಳಿದವರು ನಾನು ಮತ್ತು ಅವಳ ಮಗಳು ಶಾಂತಾ. ಅವಳು ನನಗಿಂತ ಎರಡು ವರ್ಷ ಚಿಕ್ಕವಳು. ನೊರೆಯ ಬಣ್ಣ ತಿರುಗಿತು. ಸೋಡಾ ಬೀಳಲಿಲ್ಲ. ದೊಡ್ಡವ್ವ ಮರೆತಿದ್ದಾಳೆ ಎಂದುಕೊಂಡೆ. ಸೋಡಾದಂಥ ಕ್ಷಾರ ಹೆಚ್ಚಾದಷ್ಟೂ ಅಂಟು ಬೇಗ ಕರಗುತ್ತದೆ ಎಂದು ಪುಸ್ತಕದ ಒಂದು ಸಾಲು ಹೇಳಿತ್ತು. ಮುಂದಿನ ಸಾಲನ್ನು ನಾನು ಓದಿರಲಿಲ್ಲ. ಶಾಂತಾ ಆಚೆ ತಿರುಗಿ ಸಾಬೂನು ಹೆರೆಯುತ್ತಿದ್ದಾಗ ಡಬ್ಬಿಗೆ ಕೈಹಾಕಿ ಒಂದು ಹಿಡಿ ತುಂಬಿ ಸುರಿದೆ. ಮಾತಾಡುವಂತಿರಲಿಲ್ಲವಾದ್ದರಿಂದ ಯಾರಿಗೂ ಹೇಳಲಿಲ್ಲ. ಆಮೇಲೆ ಕಟ್ಟಿಗೆ ತರಲು ಹೋದೆ.

ಲಡಿಗಳು ಹೊರಬಂದಾಗ ಬೆಳ್ಳಗೆ, ಮೆತ್ತಗೆ, ಮೋಡದ ತುಂಡಿನಂತಿದ್ದವು. ದೊಡ್ಡವ್ವ ಬೆರಳಲ್ಲಿ ಹೊಸೆದು ಹುಬ್ಬು ಗಂಟಿಕ್ಕಿದಳು. ಹುಬ್ಬು ಗಂಟಿಕ್ಕಿದ್ದು ನಿಜವೋ, ಆಮೇಲೆ ನಾನೇ ಗಂಟಿಕ್ಕಿಸಿದೆನೋ ತಿಳಿಯದು. ಬಣ್ಣವಾಯಿತು, ಮಗ್ಗಕ್ಕೇರಿತು. ಸೆರಗಿನಲ್ಲಿ ನಾಲ್ಕು ಬೆರಳಷ್ಟು ನೇಯುವುದರೊಳಗೆ ಎಳೆಗಳು ಹರಿಯತೊಡಗಿದವು. ಗಂಟು ಹಾಕಿದರೆ ಗಂಟಿನ ಪಕ್ಕದಲ್ಲಿ ಹರಿದವು. ಈರಣ್ಣ ಒಂದು ಲಡಿಯನ್ನು ತಂದು, ನಮ್ಮ ಪಡಸಾಲೆಯಲ್ಲಿ ನಿಂತು, ಒಂದೆಳೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದ. ಬೆಂದ ಶಾವಿಗೆಯಂತೆ ಅದು ಎರಡಾಯಿತು.

"ಏನಾತ್ರಿ ದೊಡ್ಡವ್ವಾರ ಇದು?"

ಜಗಳವಾಡಿದ್ದರೆ ಚೆನ್ನಾಗಿತ್ತು. ಅವನ ದನಿಯಲ್ಲಿ ಬರೀ ಅಚ್ಚರಿ ಇತ್ತು. ದೊಡ್ಡವ್ವ ಆ ತುಂಡುಗಳನ್ನು ಇಸಿದುಕೊಂಡು ಬೆರಳಲ್ಲಿ ಹೊಸೆದು ನೋಡಿದಳು.

"ನನ್ನ ಕೈ ಕೆಟ್ಟೈತಿ ಈರಣ್ಣ," ಎಂದಳು. "ಇನ್ನ ಮ್ಯಾಲೆ ಯಾರೂ ತರಬ್ಯಾಡ್ರಿ."

ಈರಣ್ಣನ ಹೆಂಡತಿ ಕುಬಸಕ್ಕೆ ಅಂಗಡಿಯ ಸೀರೆ ಉಟ್ಟಳು. ದೊಡ್ಡವ್ವ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬಚ್ಚಲಿಗೆ ಕಳಿಸಿದಳು. ಅದರಲ್ಲಿ ಸ್ನಾನದ ನೀರು ಕಾಯತೊಡಗಿತು. ನಾನು ಮರುದಿನ ಹುನಗುಂದದ ಮೇಲೆ ಹಾದುಹೋಗುವ ಬಸ್ಸು ಹಿಡಿದು ಬಾಗಲಕೋಟೆಗೆ ಹೊರಟೆ. ಪರೀಕ್ಷೆ ಹತ್ತಿರವಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಪರೀಕ್ಷೆಗೆ ಎರಡು ತಿಂಗಳಿತ್ತು.

ಪುಸ್ತಕದ ಆ ಮುಂದಿನ ಸಾಲನ್ನು ಬಸ್ಸಿನಲ್ಲೇ ಓದಿದೆ. ಅಂಟೂ ಪ್ರೋಟೀನೇ, ಎಳೆಯೂ ಪ್ರೋಟೀನೇ. ಎರಡೂ ಅಮೈನೋ ಆಮ್ಲಗಳನ್ನು ಒಂದರ ಕೈ ಒಂದು ಹಿಡಿಸಿ ಕಟ್ಟಿದ ಸರಪಳಿಗಳು, ಹಿಡಿದ ಕೈಯೇ ಪೆಪ್ಟೈಡ್ ಬಂಧ. ಅಂಟಿನ ಸರಪಳಿಗಳು ಸಡಿಲ, ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತವೆ. ಎಳೆಯವು ಹಾಗಲ್ಲ. ಅದರಲ್ಲಿ ಗ್ಲೈಸಿನ್ ಎಂಬ, ಎಲ್ಲಕ್ಕಿಂತ ಚಿಕ್ಕ ಅಮೈನೋ ಆಮ್ಲವೇ ಹೆಚ್ಚು. ಅದರ ಪಕ್ಕೆಯಲ್ಲಿ ಒಂದೇ ಒಂದು ಜಲಜನಕದ ಪರಮಾಣು. ಬಸ್ಸಿಗೆ ಬರೀ ಸಣಕಲರೇ ಹತ್ತಿದರೆ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂರಬಹುದಲ್ಲ, ಹಾಗೆ ಆ ಸರಪಳಿಗಳು ಒಂದಕ್ಕೊಂದು ಅಂಟಿ ಪದರಪದರವಾಗಿ ಕೂತಿರುತ್ತವೆ. ರೇಷ್ಮೆಯ ಬಲ ಈ ಒತ್ತಿ ಕೂರುವುದರಲ್ಲಿದೆ. ಹದವಾದ ಸೋಡಾ ಅಂಟನ್ನಷ್ಟೇ ಕರಗಿಸಿ ನಿಲ್ಲುತ್ತದೆ. ಹೆಚ್ಚಾದರೆ ಯಾರ ಕೈ ಯಾರು ಹಿಡಿದಿದ್ದಾರೆಂದು ನೋಡದೆ ಎಲ್ಲ ಕೈಗಳನ್ನೂ ಬಿಡಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮಗ್ಗಕ್ಕೆ ಹಾಕಿದಾಗ ಮಾತ್ರ ಗೊತ್ತಾಗುತ್ತದೆ.

ಅಂದಿನಿಂದ ನನ್ನ ಬದುಕೆಲ್ಲ ಪ್ರೋಟೀನೇ ಆಯಿತು. ಪಾಪಪ್ರಜ್ಞೆಯಿಂದ ಈ ವಿಷಯ ಹಿಡಿದೆ ಎಂದು ಹೇಳಿದರೆ ಕತೆಗೆ ಒಳ್ಳೆಯ ಆಕಾರ ಬರುತ್ತದೆ. ನಂಬಬೇಡಿ. ಸೀಟು ಅದರಲ್ಲೇ ಸಿಕ್ಕಿತು. ಪ್ರೋಟೀನಿನ ವಿಚಾರದಲ್ಲಿ ನನ್ನನ್ನು ಇಂದಿಗೂ ಕಾಡುವುದೆಂದರೆ ಅದರ ಮಡಿಕೆ. ಸರಪಳಿಯಲ್ಲಿ ಯಾರ ಪಕ್ಕ ಯಾರು ಎಂಬುದು ಬದಲಾಗದಿದ್ದರೂ ಮಡಿಕೆ ತಪ್ಪಿದರೆ ಅದು ಮಾಡುವ ಕೆಲಸವೇ ತಪ್ಪುತ್ತದೆ. ನನ್ನ ನೆನಪೂ ಹಾಗೆಯೇ ಎಂದು ಗುಮಾನಿ. ಹಂಡೆ, ನೊರೆ, ಹಿಡಿ ಸೋಡಾ, ಈರಣ್ಣ ಎಲ್ಲವೂ ಅದೇ ಸಾಲಿನಲ್ಲಿವೆ. ಆದರೆ ಪ್ರತಿಸಲ ತೆಗೆದಾಗಲೂ ಮತ್ತೆ ಮಡಚಿಡುವವನು ನಾನು. ಮಡಚಿದಾಗಲೆಲ್ಲ ನನ್ನ ಮುಖ ಸ್ವಲ್ಪ ಒಳಗೆ ಹೋಗಿರುತ್ತದೆ.

ದೊಡ್ಡವ್ವನಿಗೆ ಈಗ ಎಂಬತ್ತು ದಾಟಿದೆ. ತನ್ನ ಕೈ ಕೆಟ್ಟಿತು ಎಂದು ನಂಬಿಕೊಂಡೇ ಅವಳು ಹೋಗಿಬಿಟ್ಟರೆ? ಆ ಹುಡುಗಿಯ ಪ್ರಶ್ನೆ ಕೇಳಿದ ಮೇಲೆ ಇದೊಂದೇ ತಲೆಯಲ್ಲಿ. ಹೋದ ಭಾನುವಾರ ಇಳಕಲ್ಲಿಗೆ ಹೋದೆ.

ಶಾಂತಾ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಓಣಿಯ ಹೆಂಗಸರ ರವಿಕೆಗಳನ್ನೆಲ್ಲ ಅವಳೇ ಹೊಲಿಯುವುದು. ಚಹಾ ಕುಡಿದು, ಬಿಸಿಲಿನ ಬಗ್ಗೆ ಮಾತಾಡಿ, ಮತ್ತೊಮ್ಮೆ ಬಿಸಿಲಿನ ಬಗ್ಗೆ ಮಾತಾಡಿ, ಕೊನೆಗೆ ಹೇಳಿದೆ.

"ಶಾಂತಾ, ಈರಣ್ಣನ ರೇಷ್ಮಿ ಕೆಡಿಸಿದಾಕಿ ದೊಡ್ಡವ್ವ ಅಲ್ಲ. ಸೋಡಾ ನಾ ಹಾಕಿದ್ನಿ."

ಯಂತ್ರ ನಿಂತಿತು.

"ಎಷ್ಟು?"

"ಒಂದು ಹಿಡಿ. ತುಂಬಿ."

"ಯಾವಾಗ?"

"ದೊಡ್ಡವ್ವ ಬಾಗಲಿಗೆ ಹೋದಾಗ. ಕಟಗಿ ತರಾಕ ಹೋಗೂಕಿಂತ ಮುಂಚೆ."

ಅವಳು ಸೂಜಿಯಿಂದ ದಾರ ಹರಿದುಕೊಂಡಳು. "ನೀ ಕಟಗಿ ತರಾಕ ಹೋದಾಗ ನಾನೂ ಒಂದು ಹಿಡಿ ಹಾಕಿದ್ನೋ ಅಣ್ಣಾ."

"ನೀ ಯಾಕ ಹಾಕಿದಿ?"

"ಅವ್ವ ಮರತಾಳ ಅಂತ! ನೀ ಅದ ಅಂದುಕೊಂಡಿಲ್ಲೇನು? ಕೇಳೂಣಂದ್ರ ಹಂಡೆ ಮುಂದ ಮಾತಾಡೂ ಹಂಗಿಲ್ಲ. ಇಷ್ಟ ವರ್ಷ ನಾ ಒಬ್ಬಾಕಿನ ಕೆಡಿಸೀನಿ ಅಂತ ತಿಳಕೊಂಡು ಸಾಯಾಕತ್ತೀನಿ. ನೀ ನೋಡಿದ್ರ ಪಾಲುದಾರ."

ನಿಜ ಹೇಳುತ್ತೇನೆ, ನನಗೆ ಮೊದಲು ಅನಿಸಿದ್ದು ಸಮಾಧಾನವಲ್ಲ, ನಿರಾಸೆ. ಮೂವತ್ತು ವರ್ಷ ಸಾಕಿದ ತಪ್ಪು ಅರ್ಧ ಬೇರೆಯವರದಾದರೆ ಹಾಗಾಗುತ್ತದೆ. ಆದರೆ ಒಳಗಿನ ಕೋಣೆಯಿಂದ ದನಿ ಬಂತು. ದೊಡ್ಡವ್ವನ ಕಣ್ಣು ಮಂಜಾಗಿವೆ, ಕಿವಿ ಇನ್ನೂ ಓಣಿಯಾಚೆಯದನ್ನು ಕೇಳುತ್ತವೆ.

"ಏನದು ಸೋಡಾ ಸೋಡಾ ಅಂತ ಹಚ್ಚೀರಿ? ಇಲ್ಲಿ ಬಂದು ಹೇಳ್ರಿ."

ಹೋಗಿ ಹೇಳಿದೆವು. ಅವಳು ಮಂಚದ ಮೇಲೆ ನೆಟ್ಟಗೆ ಕೂತು ಕೇಳಿದಳು.

"ನಾ ಬಾಗಲದಿಂದ ಬಂದು ನನ್ನದೊಂದು ಹಿಡಿ ಹಾಕಿದ್ನಲ್ಲೋ," ಎಂದಳು ಮೆಲ್ಲಗೆ. "ಮೂರು ಆದ್ವು."

"ಮೂರು ಆದ್ವು," ಎಂದೆ.

"ನೀವಿಬ್ರು ಬಾಯಾಗ ಏನ ಇಟಗೊಂಡಿದ್ರಿ?"

"ನೀನ ಹೇಳಿದ್ದಿಲ್ಲೇನವ್ವಾ, ಹಂಡೆ ಮುಂದ ಮಾತಾಡಿದ್ರ ದೃಷ್ಟಿ ಆಗ್ತೈತಿ ಅಂತ," ಎಂದಳು ಶಾಂತಾ.

"ದೃಷ್ಟೀನು ಇಲ್ಲ, ಗಿಷ್ಟೀನು ಇಲ್ಲ. ನೀವಿಬ್ರು ಕೂಡಿದ್ರ ಗುಬ್ಬಿ ಗೂಡಿನಂಗ ಗದ್ದಲ. ನನಗ ಕುದಿ ಸಪ್ಪಳ ಕೇಳ್ತಿರ್ಲಿಲ್ಲ. ಅದಕ್ಕ ಬಾಯಿ ಮುಚ್ಚರಿ ಅಂದಿದ್ದೆ. ಸೋಡಾ ಹಾಕೀನಿ ಅಂತ ಹೇಳಬ್ಯಾಡ್ರಿ ಅಂದಿದ್ನೇನು?"

ನನ್ನ ಭಾಷಣಗಳು, ಚಪ್ಪಾಳೆಗಳು ನೆನಪಾದವು. ದೃಷ್ಟಿ ಎಂಬುದನ್ನು ಆ ನೆನಪಿನ ಸರಪಳಿಯೊಳಗೆ ಸೇರಿಸಿದವರು ನಾನೋ ಶಾಂತಾಳೋ, ಇನ್ನು ಪತ್ತೆ ಮಾಡುವಂತಿಲ್ಲ. ಅಥವಾ ದೊಡ್ಡವ್ವನೇ ಅಂದು ಹೇಳಿ ಇಂದು ಮರೆತಿರಬಹುದು.

ಅವಳು ಬೈಯುತ್ತಾಳೆಂದು ಕಾದೆ. ಅವಳು ಗೋಡೆಗೆ ಕೈಕೊಟ್ಟು ಎದ್ದಳು.

"ನಡೀರಿ."

"ಎಲ್ಲಿಗವ್ವಾ?" ಎಂದಳು ಶಾಂತಾ.

"ಈರಣ್ಣನ ಮನಿಗೆ. ನನ್ನ ಕೈ ಕೆಟ್ಟೈತಿ ಅಂತ ನಾ ಅವ್ನ ಮುಂದ ಹೇಳೀನಿ. ನೀವೂ ಅವ್ನ ಮುಂದ ಹೇಳ್ರಿ."

ಓಣಿ ದಾಟಲು ನಮಗೆ ಬಹಳ ಹೊತ್ತು ಹಿಡಿಯಿತು. ಒಂದು ಕಡೆ ಶಾಂತಾ, ಒಂದು ಕಡೆ ನಾನು, ನಡುವೆ ದೊಡ್ಡವ್ವ. ಈರಣ್ಣ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಕೂದಲು ಪೂರಾ ನೆರೆತಿದೆ. ನಮ್ಮನ್ನು ಕಂಡು ಲಾಳಿ ಕೆಳಗಿಟ್ಟ.

"ಬರ್ರಿ ದೊಡ್ಡವ್ವಾರ, ಇದೇನು ಮೂರೂ ಮಂದಿ ದಂಡೆತ್ತಿ ಬಂದೀರಿ?"

ನಾನು ಗಂಟಲು ಸರಿಮಾಡಿಕೊಂಡು ಆರಂಭಿಸಿದೆ. "ಈರಣ್ಣ, ರೇಷ್ಮೆಯ ಎಳೆ ಎನ್ನುವುದು ಮೂಲತಃ..."

"ಉದ್ದ ಬ್ಯಾಡ," ಎಂದಳು ದೊಡ್ಡವ್ವ.

"ನಿನ್ನ ಹೆಂಡತಿ ಕುಬಸದ ರೇಷ್ಮಿ ಕೆಡಿಸಿದವ್ರು ನಾವು," ಎಂದೆ. "ನಾ ಒಂದು ಹಿಡಿ, ಇಕಿ ಒಂದು ಹಿಡಿ ಸೋಡಾ ಹೆಚ್ಚಿಗಿ ಹಾಕಿದ್ವಿ. ದೊಡ್ಡವ್ವನ ತಪ್ಪಿದ್ದಿಲ್ಲ."

ಈರಣ್ಣ ನನ್ನನ್ನು ನೋಡಿದ, ಶಾಂತಾಳನ್ನು ನೋಡಿದ. ಕುಣಿಯಿಂದ ಮೇಲೆದ್ದು ಬಂದು ದೊಡ್ಡವ್ವನ ಎದುರು ನಿಂತ.

"ಈಗ ಬೇಯಿಸಿದ ರೇಷ್ಮಿನ ಪೇಟಿಯಿಂದ ತರ್ತೇವ್ರಿ. ಆದ್ರ ನನ್ನ ಮನ್ಯಾಗ ಎರಡು ಲಡಿ ಕಚ್ಚಾದ್ದು ಅದಾವ. ಬೇಯಿಸಿಕೊಡ್ತೀರೇನ್ರಿ?"

ದೊಡ್ಡವ್ವ ನಮ್ಮಿಬ್ಬರ ಹಿಡಿತದಿಂದ ಕೈ ಬಿಡಿಸಿಕೊಂಡು, ಎರಡೂ ಅಂಗೈಗಳನ್ನು ಮುಂದೆ ಚಾಚಿದಳು. ಬೆರಳುಗಳು ಅದುರುತ್ತಿದ್ದವು. ಮರೆಮಾಡಲಿಲ್ಲ. ಎಲ್ಲರಿಗೂ ಕಾಣಲೆಂಬಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

"ಆಗೂದಿಲ್ಲೋ ಈರಣ್ಣ. ಈಗ ನಡಗ್ತಾವ," ಎಂದಳು. ಆಮೇಲೆ ಗದ್ದ ಮೇಲೆತ್ತಿ, "ಆವಾಗ ನಡಗ್ತಿದ್ದಿಲ್ಲ," ಎಂದಳು.