ಬಾಲದಕ್ಕನ ಬ್ಲೇಡು

ಪ್ರಯೋಗಾಲಯದಲ್ಲಿ ನನ್ನ ಚಿಕ್ಕಮ್ಮನನ್ನು ಎಲ್ಲರೂ ಬಾಲದಕ್ಕ ಎನ್ನುತ್ತಾರೆ. ತಾಯಿಯ ಹೊಟ್ಟೆಯಿಂದ ತೆಗೆದ, ಇನ್ನೂ ದಿನ ತುಂಬದ ಇಲಿಮರಿಗಳ ಬಾಲದ ತುದಿ ಕತ್ತರಿಸಿ ಪರೀಕ್ಷೆಗೆ ಕೊಡುವುದು ಅವಳ ಕೆಲಸವಾಗಿತ್ತು. ಅಷ್ಟು ಚಿಕ್ಕ ಮರಿ ಗಂಡೋ ಹೆಣ್ಣೋ ಕಣ್ಣಿಗೆ ತಿಳಿಯುವುದಿಲ್ಲ. ಗಂಡಿನಲ್ಲಿ ಮಾತ್ರ ಇರುವ ಒಂದು ಜೀನನ್ನು ಹುಡುಕಬೇಕು. ಜೆಲ್ ಎಂಬ ಲೋಳೆಯಂಥ ಹಲಗೆಯ ಮೇಲೆ ಒಂದೊಂದು ಮರಿಗೂ ಒಂದೊಂದು ಸಾಲು; ಎಲ್ಲಕ್ಕೂ ಬರುವ ಗೆರೆಯ ಜೊತೆ ಆ ಜೀನಿನ ಗೆರೆಯೂ ಹೊಳೆದು ಎರಡಾದರೆ ಗಂಡು, ಒಂದೇ ಆದರೆ ಹೆಣ್ಣು. ಪಕ್ಕದ ಮನೆಯ ಅಜ್ಜಿ ಹುಟ್ಟಲಿರುವ ಮೊಮ್ಮಗುವಿನ ಬಗ್ಗೆ ಕೇಳಿದಾಗ ಚಿಕ್ಕಮ್ಮ, "ಬಾಲ ಇದ್ರೆ ಹೇಳಿ ಅಜ್ಜಿ, ನೋಡೋಣ" ಎಂದಿದ್ದಳು. ಅಜ್ಜಿ ಸ್ವಲ್ಪ ದಿನ ಮಾತು ಬಿಟ್ಟಿದ್ದರು.

ಆ ದಿನ ಎಲ್ಲ ಸಾಲಿನಲ್ಲೂ ಎರಡೆರಡು ಗೆರೆ. ಎಂಟಕ್ಕೆ ಎಂಟೂ ಗಂಡು. ಹೋಲಿಕೆಗೆಂದು ಬರೀ ನೀರು ಹಾಕಿದ್ದ ಸಾಲು ಖಾಲಿಯಾಗಿದ್ದರಿಂದ ದ್ರಾವಣದಲ್ಲಿ ತಪ್ಪಿರಲಿಲ್ಲ. ಸಂಶೋಧನೆ ಮಾಡುತ್ತಿದ್ದ ಮೇಡಂಗೆ ಬೇಕಿದ್ದದ್ದು ಹೆಣ್ಣುಮರಿಗಳ ಮೆದುಳು. ಆ ತಳಿಯಲ್ಲಿ ಗಬ್ಬವಾಗಿದ್ದ ಇಲಿ ಅದೊಂದೇ. ಅವರ ಮುಖ ಇಳಿದುಹೋಯಿತು. ಮರಿಗಳನ್ನು ಒಂದೊಂದಾಗಿ ಹಾಕಿ ಮಂಜುಗಡ್ಡೆಯಲ್ಲಿಟ್ಟಿದ್ದ ಸೀಸೆಗಳನ್ನು ಎಸೆಯಲು ಹೇಳಿದರು.

ಚಿಕ್ಕಮ್ಮ ಟ್ರೇ ಎತ್ತಿಕೊಂಡಳು, ಬಾಗಿಲವರೆಗೆ ಹೋಗಿ ನಿಂತಳು. ಪ್ರತಿ ಮರಿಗೂ ಹೊಸ ಬ್ಲೇಡು ಬಳಸಬೇಕು. ಬೆಳಗ್ಗೆ ಡಬ್ಬಿಯಲ್ಲಿ ಉಳಿದಿದ್ದದ್ದು ಒಂದೇ. ಉಗ್ರಾಣಕ್ಕೆ ಹೋಗಿ ಬರುವಷ್ಟರಲ್ಲಿ ಮರಿಗಳು ಕೆಡುತ್ತವೆಂದು ಅದನ್ನೇ ಸ್ಪಿರಿಟಿನಲ್ಲಿ ಒರೆಸಿ ಒರೆಸಿ ಎಲ್ಲ ಬಾಲಗಳನ್ನೂ ಕತ್ತರಿಸಿದ್ದಳು. ಮೊದಲ ಮರಿ ಗಂಡಾಗಿದ್ದರೆ, ಅದರ ಚೂರು ಮಿಕ್ಕವಕ್ಕೆಲ್ಲ ಅಂಟಿರಬಹುದು. ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಇಂಥದೇ ತಪ್ಪಿಗೆ ಹಿಂದೆ ಒಬ್ಬ ಸಹಾಯಕನನ್ನು ಮನೆಗೆ ಕಳಿಸಿದ್ದರು. ನಮ್ಮ ಮನೆ ನಡೆಯುವುದು ಅವಳ ದುಡಿಮೆಯಿಂದ.

"ಇದನ್ನ ಎಸೆಯೋದು ಬೇಡ ಮೇಡಂ," ಎಂದಳು. "ನಾನು ಬ್ಲೇಡ್ ಬದಲಾಯಿಸಿಲ್ಲ."

ಮೇಡಂ ತಾವೇ ಉಗ್ರಾಣದಿಂದ ಹೊಸ ಡಬ್ಬಿ ತಂದು, ಮರಿಗಳಲ್ಲಿ ಉಳಿದಿದ್ದ ಬಾಲಗಳನ್ನು ಚೆನ್ನಾಗಿ ತೊಳೆದು, ಒಂದೊಂದಕ್ಕೂ ಒಂದೊಂದು ಬ್ಲೇಡು ಹಿಡಿದು ಕತ್ತರಿಸಿದರು. ಚಿಕ್ಕಮ್ಮನಿಗೆ ಏನನ್ನೂ ಮುಟ್ಟಲು ಬಿಡಲಿಲ್ಲ. ಪರೀಕ್ಷೆಯ ಯಂತ್ರದ ಕೆಲಸ ಮುಗಿಯುವವರೆಗೂ ಅವಳು ಗೋಡೆಗೆ ಒರಗಿ ನಿಂತೇ ಇದ್ದಳಂತೆ. ಕೂತ್ಕೊ ಎಂದು ಯಾರೂ ಹೇಳಲಿಲ್ಲವಂತೆ.

ಜೆಲ್ಲಿನ ಕೆಳಗೆ ದೀಪ ಹತ್ತಿತು. ಮೊದಲ ಸಾಲಿನಲ್ಲಿ ಎರಡು ಗೆರೆ. ಎರಡನೆಯದರಲ್ಲೂ ಎರಡು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಮೇಡಂ ಉಸಿರು ಬಿಟ್ಟದ್ದು ಕೇಳಿ ಕಣ್ಣು ತೆರೆದರೆ, ಮೂರನೆಯದರಲ್ಲಿ ಒಂದೇ ಗೆರೆ. ಕೊನೆಗೆ ಮೂರು ಹೆಣ್ಣು ಸಿಕ್ಕಿದವು.

"ನಾಳೆಯಿಂದ ನೀವು ಬೋನು ತೊಳೆಯೋ ಕಡೆ ಹೋಗಿ ಅಕ್ಕ," ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತಂತೆ.

ಈಗ ಅವಳ ಕೈ ಸದಾ ಸೋಪಿನ ವಾಸನೆ ಹೊಡೆಯುತ್ತದೆ. ಬಾಲದಕ್ಕ ಎಂದು ಯಾರಾದರೂ ಕರೆದರೆ ಇನ್ನೂ ತಿರುಗಿ ನೋಡುತ್ತಾಳೆ.