ಹೊತ್ತು ಮುಳುಗಿದ ಮೇಲಿನ ಬಸ್ಸು

ಎಪ್ಪತ್ತರ ದಶಕದ ನಡುವಿನ ವರ್ಷಗಳು. ವಿಜಯಪುರ ಆಗಿನ್ನೂ ಬಿಜಾಪುರ. ಅಲ್ಲಿಯ ಸರಕಾರಿ ಆಸ್ಪತ್ರೆಯೊಂದರಲ್ಲಿ ನಾನು ಕಣ್ಣಿನ ಡಾಕ್ಟರಾಗಿದ್ದೆ. ಹೆಣ್ಣು ಡಾಕ್ಟರೆಂದು ಎಲ್ಲರೂ ನನ್ನನ್ನು ‘ಬಾಯಾರ’ ಎನ್ನುತ್ತಿದ್ದರು. ಚಿಕಿತ್ಸೆಯ ಜೊತೆಗೆ ಇನ್ನೊಂದು ಕೆಲಸ ನನ್ನ ಕೊರಳಿಗೆ ಬಿದ್ದಿತ್ತು: ಯಾರಿಗೆ ಎಷ್ಟು ಕಾಣುತ್ತದೆ, ಯಾರು ನೌಕರಿಗೆ ಅರ್ಹರು, ಯಾರು ಅಲ್ಲ ಎಂದು ಸರ್ಟಿಫಿಕೇಟ್ ಬರೆಯುವುದು. ಅದೊಂದು ಪೀಡೆ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

ಒಂದು ದಿನ ಬಸ್ ಡಿಪೋದವರು ದಸ್ತಗೀರ ಎಂಬ ಡ್ರೈವರನನ್ನು ಕಳಿಸಿದರು. ಟಿಕೋಟಾದವನು, ನಲವತ್ತರ ಆಸುಪಾಸು. ಸಂಜೆಯ ಡ್ಯೂಟಿ ಹಾಕಿದಾಗಲೆಲ್ಲ ನೆಪ ಹೇಳುತ್ತಾನೆ, ಮೈಗಳ್ಳನೋ ನಿಜಕ್ಕೂ ಕಣ್ಣು ಕಾಣದವನೋ ಬರೆದುಕೊಡಿ ಎಂಬುದು ಅವರ ಕೋರಿಕೆ. ಗೋಡೆಯ ಮೇಲಿನ ಅಕ್ಷರಗಳ ಚಾರ್ಟನ್ನು ಅವನು ಸಣ್ಣ ಸಾಲಿನವರೆಗೂ ತಡವರಿಸದೆ ಓದಿದ. ಕಣ್ಣು ಗಟ್ಟಿಯಾಗಿದೆ, ಸಂಜೆಯ ಡ್ಯೂಟಿ ಒಂದು ಬೇಡ ಎಂದ. ನನ್ನ ಹೊತ್ತು ಹಾಳು ಮಾಡಲು ಬಂದೆಯಾ ಎಂದು ರೇಗಿದೆ. ಕೈಮುಗಿದು ಹೊರಟವನು ಬಾಗಿಲ ಪಕ್ಕದ ಸ್ಟೂಲಿಗೆ ಮೊಣಕಾಲು ಬಡಿದು ಮುಗ್ಗರಿಸಿದ.

ಕರೆದು ಕೂರಿಸಿ, ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಿದೆ. ಕಣ್ಣಿನ ಹಿಂಪರದೆಯಾದ ರೆಟಿನಾದ ಅಂಚಿನ ಸುತ್ತ ಕರಿ ಚುಕ್ಕೆಗಳು. ರೆಟಿನೈಟಿಸ್ ಪಿಗ್ಮೆಂಟೋಸಾ, ವಂಶದಲ್ಲಿ ಬರುವ ಕಾಯಿಲೆ. ಮೊದಲು ಇರುಳುಗುರುಡು. ಆಮೇಲೆ ಅಕ್ಕಪಕ್ಕದ ನೋಟವೂ ಮುಚ್ಚುತ್ತ ಬಂದು, ಎದುರಿಗಿನದಷ್ಟೇ ಕೊಳವೆಯಲ್ಲಿ ಇಣುಕಿದಂತೆ ಕಾಣುತ್ತದೆ. ಚಾರ್ಟು ಅಳೆಯುವುದು ನೇರ ನೋಟವನ್ನು ಮಾತ್ರ, ಹಾಗಾಗಿ ಅದರಲ್ಲಿ ಅವನು ಪಾಸಾಗಿದ್ದ. ಕಾಯಿಲೆಗೆ ಮದ್ದಿಲ್ಲ.

ಹಾಗಾದರೆ ನೆಪ ನಡೆಯದ ದಿನಗಳಲ್ಲಿ ಹೊತ್ತು ಮುಳುಗಿದ ಮೇಲೆ ಬಸ್ಸು ಓಡಿಸಿದ್ದು ಹೇಗೆ? ಮರುದಿನ ಅವನ ಕಂಡಕ್ಟರ್ ಶಿವಪ್ಪ, ಆ ಬಸ್ಸು ಹೋಗುವ ನಿಡೋಣಿ ಹಳ್ಳಿಯ ನಾಲ್ಕೈದು ಪ್ರಯಾಣಿಕರನ್ನು ಕಟ್ಟಿಕೊಂಡು ಬಂದ. ಬಬಲೇಶ್ವರದ ದಾರಿಯಲ್ಲಿ ಮಬ್ಬುಗತ್ತಲಾಗುತ್ತಲೇ ಶಿವಪ್ಪ ಡ್ರೈವರನ ಮಗ್ಗುಲಿಗೆ ನಿಂತು, ಎಡಕ್ಕೆ ಎತ್ತಿನ ಗಾಡಿ, ಬಲಕ್ಕೆ ಎಮ್ಮೆ ಎಂದು ಹೇಳುತ್ತಿದ್ದನಂತೆ. ಅವನು ಟಿಕೆಟ್ ಹರಿಯುವಾಗ ಆ ಕೆಲಸ ಮುಂದಿನ ಸೀಟಿನವರದು. ಇಡೀ ಬಸ್ಸಿಗೆ ಗೊತ್ತಿತ್ತು, ಯಾರೂ ಬಾಯಿಬಿಟ್ಟಿರಲಿಲ್ಲ! ಬಸುರಿ ಹೆಂಗಸರು ಹತ್ತಿದರೆ ಗುಂಡಿ ತಪ್ಪಿಸಿ ಮೆಲ್ಲಗೆ ಓಡಿಸುವ, ಓಡಿ ಬರುವ ಮುದುಕರಿಗಾಗಿ ಬಸ್ಸು ನಿಲ್ಲಿಸಿ ಕಾಯುವ ಡ್ರೈವರನೆಂದರೆ ಅವರಿಗೆ ಜೀವ.

“ಬಸ್ಸಿನ ತುಂಬ ನಮ್ಮ ಕಣ್ಣ ಅದಾವ್ರಿ ಬಾಯಾರ,” ಎಂದ ಶಿವಪ್ಪ. “ಇವನ ನೌಕರಿ ಮ್ಯಾಲ ಇಡೀ ಮನಿ ನಿಂತೈತಿ. ಹಗಲಿನ ಡ್ಯೂಟಿ ಅಷ್ಟ ಅಂತ ಬರದ ಕೊಡ್ರಿ.”

ಬಾಗಿಲ ಪಕ್ಕದ ಸ್ಟೂಲು ಕಾಣದವನಿಗೆ ಹಗಲಿನಲ್ಲೂ ಪಕ್ಕದಿಂದ ಓಡಿಬರುವ ಮಗು ಕಾಣುವುದಿಲ್ಲ. ಹಗಲಿಗೆ ಸರಿ ಎಂದು ಬರೆದರೂ ಅದು ಸುಳ್ಳೇ. ಅನರ್ಹ ಎಂದರೆ ನೌಕರಿ ಹೋಗುತ್ತದೆ. ಬೇರೆ ಕೆಲಸ ಕೊಡುವ ಮಾತನ್ನು ಡಿಪೋದವರು ಫೋನಿನಲ್ಲೇ ತಳ್ಳಿಹಾಕಿದ್ದರು. ಎತ್ತ ತಿರುಗಿದರೂ ಗೋಡೆ. ಮನೆಗೆ ಹೋಗಿ ಮನೆಯವರ ಮೇಲೆಲ್ಲ ಹರಿಹಾಯ್ದೆ. ದಸ್ತಗೀರನ ಮೇಲೆ, ಡಿಪೋದ ಮೇಲೆ, ಪ್ರೀತಿಯ ಭರದಲ್ಲಿ ಹಳ್ಳಕ್ಕೆ ಬೀಳಲು ಹೊರಟ ಆ ಮಂದಿಯ ಮೇಲೆ ಸಿಟ್ಟೋ ಸಿಟ್ಟು.

ಕೊನೆಗೆ ಬರೆದೆ: ವಾಹನ ಚಾಲನೆಗೆ ಶಾಶ್ವತವಾಗಿ ಅನರ್ಹ. ಇಬ್ಬರನ್ನೂ ಕರೆಸಿ ಓದಿ ಹೇಳಿದೆ. ಶಿವಪ್ಪ ನನ್ನ ಮುಖ ನೋಡದೆ ಎದ್ದು ಹೋದ. ದಸ್ತಗೀರ ಕೂತೇ ಇದ್ದ.

“ಬಾಯಾರ, ದಿನಾ ಗಾಡಿ ನಿಂದ್ರಿಸಿ ಮಂದಿ ಇಳಿಯೂದನ್ನ ನೋಡ್ಕೋತ ಕುಂದರ್ತಿದ್ದೆ, ಎಲ್ಲಾರೂ ಜೀವಂತ ಅದಾರಲ್ಲಾ ಅಂತ,” ಎಂದ. “ಬಿಡ್ತೀನಿ ಅನ್ನಾಕ ನನಗ ಧೈರ್ಯ ಇರಲಿಲ್ಲ. ನೀವ ಬಿಡಿಸಿದ್ರಿ.”

ಅವನಿಗೆ ಬೇರೆ ನೌಕರಿ ಸಿಗಲಿಲ್ಲ. ಸ್ಟೇಷನ್ ರಸ್ತೆಯಲ್ಲಿದ್ದ ಭಾವಮೈದುನನ ಬಳೆ ಅಂಗಡಿಯಲ್ಲಿ ಬೆಳಕಿರುವಷ್ಟು ಹೊತ್ತು ಕೂರುತ್ತಿದ್ದ. ಆ ದಾರಿಯಲ್ಲಿ ನನ್ನನ್ನು ಕಂಡರೆ ಅವನ ಹೆಂಡತಿ ಮುಖ ತಿರುಗಿಸುತ್ತಿದ್ದಳು. ಆಕೆಯದು ತಪ್ಪೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಕಣ್ಣು ಎಷ್ಟು ಕಾಣುತ್ತದೆ ಎಂದು ಅಳೆಯುವುದನ್ನು ಕಾಲೇಜು ಕಲಿಸಿತ್ತು. ಕಾಣದಿರುವುದನ್ನು ಬಚ್ಚಿಡುವ ಮನುಷ್ಯ ದಿನವೂ ಎಷ್ಟು ಹೆದರಿ ಬದುಕುತ್ತಾನೆ ಎಂಬುದನ್ನು ದಸ್ತಗೀರ ಕಲಿಸಿದ. ಅಲ್ಲಿಂದಾಚೆಗೆ ಸರ್ಟಿಫಿಕೇಟಿಗೆ ಬಂದ ಪ್ರತಿಯೊಬ್ಬರನ್ನೂ ಮೊದಲು ಕೂರಿಸಿ, ನಿಮಗೆ ಯಾವುದರ ಭಯ ಎಂದು ಕೇಳಿದೆ. ಚಾರ್ಟಿನ ಮುಂದೆ ನಿಲ್ಲಿಸಿದ್ದು ಆಮೇಲೆ.