ದ್ವಾರಕಾ ಓದಿದ ಐನೂರನೆಯ ಸಂಚಿಕೆ

ಅಕ್ಕಲಕೋಟದ ದ್ವಾರಕಾ ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದಾಗ ಓದಿದ್ದು ಮರಾಠಿ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ. ಮನೆಯಲ್ಲಿ ಇಂಗ್ಲಿಷು ಬರುತ್ತಿದ್ದದ್ದು ಗಂಡ ಗುರುರಾಜನೊಬ್ಬನಿಗೇ. ಅವನು ಸರಕಾರಿ ಕಚೇರಿಯ ಗುಮಾಸ್ತ.

ಹತ್ತಾರು ಸಂಸಾರಗಳಿದ್ದ ಅವರ ವಾಡೆಯಲ್ಲೇ ಇದ್ದ ಪೀರಪ್ಪ, ಗಿರಣಿಯ ಇಂಗ್ಲಿಷ್ ಎಂಜಿನಿಯರನ ಬಂಗಲೆಯಲ್ಲಿ ಮಾಲಿ. ಆ ಮನೆಯ ಮಕ್ಕಳು ಓದಿ ಬಿಸಾಕಿದ ವಿಲಾಯತಿ ಚಿತ್ರಪತ್ರಿಕೆಗಳನ್ನು ಒಲೆ ಹೊತ್ತಿಸಲೆಂದು ತಂದುಕೊಡುತ್ತಿದ್ದ. ದ್ವಾರಕಾ ಒಂದನ್ನೂ ಸುಡಲಿಲ್ಲ. ತುಂಟ ಹುಡುಗರು ಅಂಟು ಬಳಿದ ಕುರ್ಚಿಯ ಸಮೇತ ಮೇಷ್ಟ್ರು ಎದ್ದು ಓಡುವ ಚಿತ್ರ ನೋಡಿ ಒಬ್ಬಳೇ ನಗುತ್ತಿದ್ದಳು. ಆದರೆ ಅವರ ಬಾಯಿಂದ ಹೊರಟ ಗುಳ್ಳೆಗಳಲ್ಲಿ ಬರೆದದ್ದೇನು? ಗಂಡನನ್ನು ಕೇಳಿದರೆ, "ಹುಡುಗಾಟಕಿ ಬಿಡು, ಅದರಾಗೇನದ?" ಅನ್ನುತ್ತಿದ್ದ.

ಕೊನೆಗೆ ಅವಳು ಪಕ್ಕದ ಖೋಲಿಯ ಉಮಾಬಾಯಿಯ ಬೆನ್ನು ಹತ್ತಿದಳು. ಶಾಲೆಯಲ್ಲಿ ಕಲಿಸುತ್ತಿದ್ದ ಉಮಾಬಾಯಿ ರಜೆಯ ಮಧ್ಯಾಹ್ನಗಳಲ್ಲಿ ಶೇಂಗಾ ಸುಲಿಯುತ್ತ ಎಬಿಸಿಡಿಯಿಂದ ಹಿಡಿದು ಓದುವುದನ್ನು ಹೇಳಿಕೊಟ್ಟಳು. ಎರಡು ವರ್ಷ ಗುರುರಾಜನಿಗೆ ಇದರ ಸುಳಿವೇ ಇರಲಿಲ್ಲ.

ಐವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಬಂದ ಸಂಚಿಕೆಯ ಮೇಲೆ ಐನೂರು ಎಂಬ ಅಂಕಿ ದಪ್ಪಗೆ ಅಚ್ಚಾಗಿತ್ತು. ಪತ್ರಿಕೆಯ ತುಂಟರೆಲ್ಲ ದೊಡ್ಡ ಕೇಕಿನ ಸುತ್ತ ಮುತ್ತಿದ್ದರು. ಗುರುರಾಜ ಅದನ್ನೆತ್ತಿ ಕಣ್ಣಾಡಿಸಿದ.

"ಮೂವತ್ತೆಂಟರಾಗ ಸುರು ಆಗ್ಯದ. ವಾರಕ್ಕೊಂದರಂಗ ನಲವತ್ತೆಂಟಕ್ಕೇ ಐನೂರು ಆಗಬೇಕಿತ್ತು. ಸಾಹೇಬರಿಗೂ ಎಣಿಸಲಿಕ್ಕ ಬರೂದಿಲ್ಲ ನೋಡು!"

ರೊಟ್ಟಿ ಬಡಿಯುತ್ತಿದ್ದ ದ್ವಾರಕಾಗೆ ತಡೆಯಲಾಗಲಿಲ್ಲ. "ಎಣಿಕಿ ಬರೋಬರಿ ಅದರಿ. ಲಡಾಯಿ ಕಾಲದಾಗ ಕಾಗದ ಸಿಗಲಿಲ್ಲಂತ. ವಾರ ಬಿಟ್ಟು ವಾರ ತಂದಾರ, ಆದರ ನಿಲ್ಲಿಸಿಲ್ಲ."

"ನಿನಗ್ಯಾರು ಹೇಳಿದ್ರು?"

"ಸಂಪಾದಕರು. ಎರಡನೇ ಪುಟದಾಗ ಬರದಾರಲ್ಲರಿ."

ಗುರುರಾಜ ಕನ್ನಡಕ ಸರಿಪಡಿಸಿಕೊಂಡು ಹೆಂಡತಿಯನ್ನೇ ನೋಡಿದ. "ಎಲ್ಲಿ, ಓದು."

ಅವಳು ಹಿಟ್ಟಿನ ಕೈ ಒರೆಸಿಕೊಂಡು, ಸಾಲಿಗೆ ಬೆರಳಿಟ್ಟು ಓದಿದಳು. ಒಂದು ಉದ್ದನೆಯ ಶಬ್ದಕ್ಕೆ ತಡವರಿಸಿದಳು. ಗೊತ್ತಿದ್ದರೂ ಅವನು ಬಾಯಿ ಹಾಕಲಿಲ್ಲ. ಅವಳೇ ದಾಟುವವರೆಗೆ ಕಾದ. ಆಮೇಲೆ, "ನಾನೇ ದಡ್ಡ," ಅಂದು ನಕ್ಕುಬಿಟ್ಟ.

ಅಂದಿನಿಂದ ಸಂಜೆ ಚಹಾದ ಹೊತ್ತಿಗೆ ಅವಳು ಓದಬೇಕು, ಅವನು ಕೇಳಬೇಕು. ಮರುವರ್ಷ ಎಂಜಿನಿಯರನ ಸಂಸಾರ ವಿಲಾಯತಿಗೆ ಮರಳಿತು, ಪತ್ರಿಕೆ ಬರುವುದೂ ನಿಂತಿತು. ದ್ವಾರಕಾ ಹಳೆಯವನ್ನೇ ಮತ್ತೆ ಓದತೊಡಗಿದಳು. ಒಮ್ಮೆ ಕಚೇರಿ ಕೆಲಸಕ್ಕೆ ಮುಂಬಯಿಗೆ ಹೋಗಿದ್ದ ಗುರುರಾಜ, ಮನೆಗೆ ಬಂದವನೇ ಫೈಲುಗಳ ಅಡಿಯಿಂದ ಮೂರು ಸಂಚಿಕೆ ತೆಗೆದ.

"ರದ್ದಿ ಅಂಗಡ್ಯಾಗ ಸಿಕ್ಕವು. ರೈಲಿನಾಗ ಒಂದು ನಾನೂ ಓದಿದೆ. ಕಡೀಕ ಏನಾಗ್ತದಂದ್ರ..."

"ಹೇಳಬ್ಯಾಡ್ರಿ!" ದ್ವಾರಕಾ ಮೂರನ್ನೂ ಕಸಿದುಕೊಂಡಳು.